ಒಂದು ಸಣ್ಣ ‘ಎ’ ಬಿಟ್ಟೆ, ಸುಡೊ ಹೋಯ್ತು: ಗಂಗಾವತಿಯ ಮಿಲ್ಲಿನಿಂದ ಅರ್ಜೆಂಟ್

ನೆಲ್ಲಿನ_ಊರು · ಗಂಗಾವತಿ · ಸಂಜೆ 7:12

ಎಲ್ಲರಿಗೂ ನಮಸ್ಕಾರ. ಅಕ್ಕಿ ಮಿಲ್ಲೊಂದರ ಆಫೀಸಿನಲ್ಲಿದ್ದೇನೆ. ಓದಿದ್ದು ಬಿ.ಕಾಂ., ಆದರೆ ಇಲ್ಲಿ ಕಂಪ್ಯೂಟರ್ ಅಂದರೆ ನಾನೇ. ಆಫೀಸಿನ ಮಷಿನ್‌ನಲ್ಲಿ ವಿಂಡೋಸ್ ಅಲ್ಲ, ಉಬುಂಟು 22.04 (ಲಿನಕ್ಸ್) ಇದೆ. ಲಾಗಿನ್ ಹೆಸರು ‘ಆಫೀಸ್’.

ಇವತ್ತು ವೇಬ್ರಿಡ್ಜ್‌ಗೆ ಹೊಸ ಡಿಸ್‌ಪ್ಲೇ ಬಂತು. ಅದರ ಕೇಬಲ್ಲನ್ನು ಯುಎಸ್‌ಬಿಗೆ ಹಾಕಿದೆ. ತೂಕದ ಸಾಫ್ಟ್‌ವೇರ್ ‘ಪರ್ಮಿಷನ್ ಇಲ್ಲ’ ಅಂದಿತು. ನೆಟ್‌ನಲ್ಲಿ ಹುಡುಕಿದರೆ ಎಲ್ಲರೂ ಹೇಳುವುದು ಒಂದೇ: ಬಳಕೆದಾರನನ್ನು ಡಯಲ್‌ಔಟ್ ಅನ್ನೋ ಗುಂಪಿಗೆ (ಇಂಥ ಪೋರ್ಟ್ ಬಳಸಲು ಅನುಮತಿ ಇರುವವರ ಗುಂಪು) ಸೇರಿಸಿ. ಸೇರಿಸಿದೆ. ಹೊಡೆದ ಕಮಾಂಡ್ ಇದು (ಸುಡೊ ಅಂದರೆ ಅಡ್ಮಿನ್ ಅಧಿಕಾರದಲ್ಲಿ ಓಡಿಸು ಅಂತ, ಯೂಸರ್‌ಮಾಡ್ ಅಂದರೆ ಬಳಕೆದಾರನ ಖಾತೆ ಬದಲಿಸುವ ಕಮಾಂಡ್):

ಸುಡೊ ಯೂಸರ್‌ಮಾಡ್ -ಜಿ ಡಯಲ್‌ಔಟ್ ಆಫೀಸ್ (ಜಿ ದೊಡ್ಡದು)

ಬೈಯಲಿಲ್ಲ, ಏನೂ ಹೇಳಲಿಲ್ಲ. ರೀಸ್ಟಾರ್ಟ್ ಮಾಡಿದೆ. ತೂಕ ಬಂತು! ಆದರೆ ಬೇರೆ ಎಲ್ಲಾ ಹೋಯ್ತು. ಲೆಕ್ಕದ ಫೋಲ್ಡರ್ ತೆರೆಯುತ್ತಿಲ್ಲ. ಚೀಟಿ ಪ್ರಿಂಟರ್ ಸೇರಿಸಲು ಹೋದರೆ ಅಡ್ಮಿನ್ ಬೇಕಂತೆ. ಸುಡೊ ಹೊಡೆದರೆ ‘ಆಫೀಸ್ ಎಂಬುವವರು ಸುಡೋಯರ್ಸ್ ಫೈಲಿನಲ್ಲಿಲ್ಲ, ಈ ಘಟನೆಯನ್ನು ವರದಿ ಮಾಡಲಾಗುವುದು’ ಅಂತ ಬರುತ್ತೆ. ಯಾರಿಗೆ ವರದಿ ಮಾಡುತ್ತಪ್ಪಾ? ಇಲ್ಲಿ ಇರುವವನೇ ನಾನೊಬ್ಬ.

ರೂಟ್‌ಗೆ, ಅಂದರೆ ಪೂರ್ತಿ ಅಧಿಕಾರದ ಖಾತೆಗೆ, ಪಾಸ್‌ವರ್ಡ್ ಯಾವತ್ತೂ ಇಟ್ಟಿಲ್ಲ. ನೆಲ್ಲಿನ ಲಾರಿ ಮೂರು ನಿಂತಿವೆ. ಈಗ ತೂಕದ ಚೀಟಿ ಕೈಯಲ್ಲೇ ಬರೆದು ಕೊಡುತ್ತಿದ್ದೇವೆ. ಸಾಹುಕಾರರು ‘ಫಾರ್ಮ್ಯಾಟ್ ಹೊಡಿ’ ಅಂತಿದ್ದಾರೆ. ಹೊಡೆಯಲಾ?

ಎರೆಹೊಲ · ರಾಯಚೂರು · 7:20

ಹೊಡೀಬೇಡ ತಮ್ಮಾ. ಏನೂ ಕಳೆದಿಲ್ಲ. ನಿನ್ನ ಫೈಲುಗಳು ಇದ್ದಲ್ಲೇ ಇವೆ. ನೀನೇ ಹೊರಗೆ ಬಂದಿದ್ದೀಯ, ಅಷ್ಟೇ.

ಆದದ್ದು ಇಷ್ಟು. ಯೂಸರ್‌ಮಾಡ್‌ಗೆ ದೊಡ್ಡ ಜಿ ಮಾತ್ರ ಕೊಟ್ಟರೆ ‘ಈ ಗುಂಪಿಗೂ ಸೇರಿಸು’ ಅಂತ ಅರ್ಥ ಅಲ್ಲ. ‘ಇವನ ಹೆಚ್ಚುವರಿ ಗುಂಪುಗಳ ಪಟ್ಟಿ ಇನ್ನು ಮೇಲೆ ಇದೇ’ ಅಂತ ಅರ್ಥ. ಡಯಲ್‌ಔಟ್ ಒಂದೇ ಬರೆದೆ, ಅದೊಂದೇ ಉಳೀತು. ಸುಡೊ ಕೂಡ ಒಂದು ಗುಂಪೇ. ಅದೂ ಹೋಯ್ತು, ಲೆಕ್ಕದ ಗುಂಪೂ ಹೋಯ್ತು. ಜೊತೆಗೆ ಒಂದು ಸಣ್ಣ ಎ ಹಾಕಿದ್ದರೆ ಹಳೆಯದರ ಜೊತೆ ಇದೂ ಸೇರುತ್ತಿತ್ತು. -ಎಜಿ, ಎ ಸಣ್ಣದು, ಜಿ ದೊಡ್ಡದು.

ಬೈಯದೇ ಇರುವ ಕಮಾಂಡೇ ಅಪಾಯದ್ದು. ‘ಇಷ್ಟೆಲ್ಲಾ ಗುಂಪಿನಿಂದ ತೆಗೀತಿದ್ದೇನೆ, ಹೌದಾ?’ ಅಂತ ಕೇಳಿದ್ದರೆ ನೀನು ಇಲ್ಲಿಗೆ ಬರುತ್ತಲೇ ಇರಲಿಲ್ಲ.

ಒಂದು ಪ್ರಶ್ನೆ. ಪೂರ್ತಿ ಮಷಿನ್ನೇ ರೀಸ್ಟಾರ್ಟ್ ಮಾಡಿದೆಯಾ, ಇಲ್ಲಾ ಯಾವುದಾದರೂ ಹಳೆಯ ಟರ್ಮಿನಲ್ (ಕಮಾಂಡ್ ಹೊಡೆಯುವ ಕಿಟಕಿ) ತೆರೆದೇ ಉಳಿದಿದೆಯಾ? ಬೇರೆ ಕಡೆಯಿಂದ ಲಾಗಿನ್ ಆದದ್ದು?

ನೆಲ್ಲಿನ_ಊರು · 7:23

ಇಲ್ಲಣ್ಣ. ಪೂರ್ತಿ ರೀಸ್ಟಾರ್ಟ್. ನೆಟ್‌ನಲ್ಲಿ ರೀಸ್ಟಾರ್ಟ್ ಮಾಡಿ ಅಂತಾನೇ ಇತ್ತು.

ಬಿಸಿಲು_ಬಳ್ಳಾರಿ · ಬಳ್ಳಾರಿ · 7:25

ಇಷ್ಟಕ್ಕೆ ತಲೆ ಯಾಕೆ ಕೆಡಿಸ್ಕೋತೀರಿ? ರಿಕವರಿ ಮೋಡ್‌ಗೆ (ರಿಪೇರಿಗಾಗಿ ಮಷಿನ್ ಶುರು ಮಾಡುವ ದಾರಿ) ಹೋಗಿ ಎಲ್ಲದಕ್ಕೂ 777, ಅಂದರೆ ಎಲ್ಲರಿಗೂ ಎಲ್ಲಾ ಅನುಮತಿ, ಹೊಡೀರಿ. ಯಾರಿಗೂ ಪರ್ಮಿಷನ್ ಗೋಳೇ ಇರಲ್ಲ. ನಮ್ಮ ಜೀನ್ಸ್ ಯೂನಿಟ್‌ನಲ್ಲಿ ಹಂಗೇ ಮಾಡಿದ್ದೆ.

ಎರೆಹೊಲ · 7:31

ಬಿಸಿಲು ಅಣ್ಣಾ, ಅವನ ಮಿಲ್ಲಿಗೆ ಬೆಂಕಿ ಹಚ್ಚಬೇಡಿ.

ತಮ್ಮಾ, ಇದನ್ನು ಮಾತ್ರ ಕೇಳಬೇಡ. ಪೂರ್ತಿ ಸಿಸ್ಟಮ್‌ಗೆ 777 ಹೊಡೆದರೆ ಏನಾಗುತ್ತೆ ಅಂತ ಕೈಯಾರೆ ನೋಡಿದ್ದೇನೆ. ಸುಡೊ ಅನ್ನೋ ಪ್ರೋಗ್ರಾಮ್ ನಡೆಯುವುದೇ ಅದರ ಮೇಲೆ ಇರುವ ಸೆಟ್‌ಯುಐಡಿ ಅನ್ನೋ ಗುರುತಿನಿಂದ. ಯಾರು ಓಡಿಸಿದರೂ ಅದು ರೂಟ್ ಆಗಿ ಓಡುವುದು ಆ ಗುರುತು ಇದ್ದಾಗ. 777 ಹೊಡೆದ ಕ್ಷಣ ಅದು ಅಳಿಸಿ ಹೋಗುತ್ತೆ. ಆಮೇಲೆ ಸುಡೊ ‘ನನಗೆ ಸೆಟ್‌ಯುಐಡಿ ಇಲ್ಲ’ ಅಂತ ಕೈ ಎತ್ತುತ್ತೆ. ಸುಡೊ ಯಾರ್ಯಾರಿಗೆ ಅಂತ ಬರೆದಿರುವ ಸುಡೋಯರ್ಸ್ ಫೈಲನ್ನು ಎಲ್ಲರೂ ಬರೆಯಬಹುದು ಅಂತಾದರೆ ಆ ಫೈಲನ್ನೇ ನಂಬಲ್ಲ. ದೂರದಿಂದ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್ ಕೂಡ ಹಂಗೇ, ಪಾಸ್‌ವರ್ಡ್ ಬದಲು ಬಳಸುವ ಖಾಸಗಿ ಕೀ ಫೈಲನ್ನು ಊರೆಲ್ಲಾ ಓದುವಂತಿದ್ದರೆ ಮುಟ್ಟಲ್ಲ.

ಅಂದರೆ ಗೋಳು ತಪ್ಪಲ್ಲ, ಡಬಲ್ ಆಗುತ್ತೆ.

ಬಿಸಿಲು_ಬಳ್ಳಾರಿ · 7:34

ಸರಿ, ಒಪ್ಪಿದೆ. ಆಮೇಲೆ ನಾವೂ ಫಾರ್ಮ್ಯಾಟ್ ಹೊಡೆದದ್ದು ನಿಜ. 🙏

ಎರೆಹೊಲ · 7:40

ತಮ್ಮಾ, ಈಗ ರಿಕವರಿಗೆ ಹೋಗುವ ಮುಂಚೆ ಒಂದು ಕೆಲಸ. ನೀನು ಮೊದಲು ಯಾವ್ಯಾವ ಗುಂಪಿನಲ್ಲಿದ್ದೆ ಅಂತ ಗೊತ್ತಾ? ಗೊತ್ತಿರಲ್ಲ. ಯಾರಿಗೂ ಗೊತ್ತಿರಲ್ಲ. ಆದರೆ ಮಷಿನ್‌ಗೆ ಗೊತ್ತು.

ಗುಂಪುಗಳೆಲ್ಲ /ಇಟಿಸಿ/ಗ್ರೂಪ್ ಅನ್ನೋ ಫೈಲಿನಲ್ಲಿರುತ್ತವೆ. ಸಾದಾ ಟೆಕ್ಸ್ಟ್ ಫೈಲ್. ಒಂದು ಗುಂಪಿಗೆ ಒಂದು ಸಾಲು, ಪ್ರತಿ ಸಾಲಿನಲ್ಲಿ ನಾಲ್ಕು ಭಾಗ, ನಡುವೆ ಕೋಲನ್: ಗುಂಪಿನ ಹೆಸರು, ಒಂದು ಎಕ್ಸ್, ಗುಂಪಿನ ನಂಬರ್, ಕೊನೆಗೆ ಸದಸ್ಯರ ಹೆಸರು. ಯೂಸರ್‌ಮಾಡ್ ಇದನ್ನು ಬದಲಿಸುವಾಗ ಹಳೆಯದನ್ನು ಅಲ್ಲೇ ಪಕ್ಕದಲ್ಲಿ ಇಟ್ಟಿರುತ್ತೆ. ಅದೇ ಹೆಸರು, ಕೊನೆಗೆ ಒಂದು ಅಡ್ಡಗೆರೆ: /ಇಟಿಸಿ/ಗ್ರೂಪ್-

ಇದನ್ನು ಓದಲು ಸುಡೊ ಬೇಕಿಲ್ಲ. ‘ಆಫೀಸ್’ ಇರುವ ಸಾಲುಗಳನ್ನು ಹುಡುಕಲು ಹೀಗೆ ಹೊಡಿ:

ಗ್ರೆಪ್ ಆಫೀಸ್ /ಇಟಿಸಿ/ಗ್ರೂಪ್-

ಬಂದ ಸಾಲುಗಳನ್ನು ಇಲ್ಲಿ ಹಾಕು. ಆ ಗೆರೆ ಮರೀಬೇಡ. ಗೆರೆ ಬಿಟ್ಟರೆ ಹೊಸ ಫೈಲ್ ಕಾಣುತ್ತೆ, ಅದರಲ್ಲಿ ನೀನು ಡಯಲ್‌ಔಟ್‌ನಲ್ಲಿ ಮಾತ್ರ ಇರ್ತೀಯ.

ಮಸ್ಕಿ_ಕಲ್ಲು · ಮಸ್ಕಿ · 7:44

ಎರೆಹೊಲ ಸರ್ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಆ ಗೆರೆ ಫೈಲ್ ಒಂದೇ ಹೆಜ್ಜೆ ಹಿಂದಿನದು. ಇನ್ನೊಮ್ಮೆ ಗುಂಪು ಬದಲಿಸಿದರೆ ಅದರ ಮೇಲೇ ಬರೆಯುತ್ತೆ. ನಮ್ಮೂರ ಬಂಡೆ ಮೇಲೆ ಅಶೋಕನ ಹೆಸರು ಎರಡು ಸಾವಿರ ವರ್ಷದಿಂದ ಹಂಗೇ ಇದೆ. ಈ ಮಷಿನ್ ಮಾತ್ರ ನಿನ್ನೆಯದನ್ನಷ್ಟೇ ನೆನಪಿಟ್ಟುಕೊಳ್ಳುತ್ತೆ.

ಈ ತಮ್ಮನ ಅದೃಷ್ಟ ಏನಂದರೆ ಸುಡೊ ಹೋದ ಮೇಲೆ ಇನ್ನೊಂದು ಕಮಾಂಡ್ ಹೊಡೆದು ಕೆಡಿಸಲು ಅವನಿಗೆ ದಾರಿಯೇ ಇರಲಿಲ್ಲ.

ನೆಲ್ಲಿನ_ಊರು · 7:52

ಬಂತು ಅಣ್ಣಾ! ಎಂಟು ಗುಂಪು ಇವೆ: ಎಡಿಎಂ, ಸಿಡಿರಾಮ್, ಸುಡೊ, ಡಿಪ್, ಪ್ಲಗ್‌ಡೆವ್, ಎಲ್‌ಪಿ‌ಅಡ್ಮಿನ್, ಎಲ್‌ಎಕ್ಸ್‌ಡಿ, ಲೆಕ್ಕ. ಕೊನೆಯದು ನಾನೇ ಮಾಡಿದ್ದು. ಇನ್ನೊಂದು ಸಾಲು ‘ಆಫೀಸ್’ ಅಂತಲೇ ಶುರುವಾಗುತ್ತೆ. ಅದೂ ಗುಂಪಾ?

ಎರೆಹೊಲ · 7:55

ಹೌದು, ಅದು ನಿನ್ನ ಸ್ವಂತ ಗುಂಪು. ಉಬುಂಟು ಪ್ರತಿ ಬಳಕೆದಾರನಿಗೂ ಅವನ ಹೆಸರಿನದೇ ಒಂದು ಗುಂಪು ಮಾಡುತ್ತೆ. ಅದಕ್ಕೆ ಏನೂ ಆಗಿಲ್ಲ. ಸಣ್ಣ ಜಿ ಹೊಡೆದಿದ್ದರೆ ಅದು ಬದಲಾಗುತ್ತಿತ್ತು. ಹೊಡೆದಿಲ್ಲ, ಪುಣ್ಯ.

ಒಂದು ಚೀಟಿ ಮೇಲೆ ಆ ಎಂಟೂ ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೋ. ಫೋಟೋ ಬೇಡ, ಫೋನ್‌ನಲ್ಲಿ ಈ ಚರ್ಚೆ ನೋಡಬೇಕಾಗುತ್ತೆ.

ಕಿನ್ನಾಳ_ಗೊಂಬೆ · ಕೊಪ್ಪಳ · 8:03

ಇನ್ನು ರಿಕವರಿ ನಾನು ಹೇಳ್ತೀನಿ. ಕಾಲೇಜು ಲ್ಯಾಬಿನಲ್ಲಿ ವರ್ಷಕ್ಕೆ ಎರಡು ಸಲ ಇದೇ ಕಥೆ. ಮಕ್ಕಳು ಕಂಪ್ಯೂಟರ್ ಹಾಳು ಮಾಡಿಲ್ಲ ಅಂತಾರೆ, ಮಾಡಿರ್ತಾರೆ.

ಮೊದಲು ಲಾರಿಯವರಿಗೆ ಚಹಾ ಕೊಡಿಸಿ. ಅವಸರದಲ್ಲಿ ಟೈಪ್ ಮಾಡಿದ್ದಕ್ಕೇ ಇಲ್ಲಿಗೆ ಬಂದಿರೋದು.

ಮಷಿನ್ ಆಫ್ ಮಾಡಿ ಆನ್ ಮಾಡಿ. ಕಂಪನಿಯ ಲೋಗೊ ಬಂದು ಹೋಗುವಾಗ ಎಸ್ಕೇಪ್ ಕೀ ಒಂದು ಸಲ ಒತ್ತಿ. ಹಳೆಯ ಮಷಿನ್ ಆದರೆ ಶಿಫ್ಟ್ ಒತ್ತಿ ಹಿಡಿದುಕೊಳ್ಳಿ. ಗ್ರಬ್ ಮೆನು (ಏನನ್ನು ಶುರು ಮಾಡಬೇಕು ಅಂತ ಕೇಳುವ ಪಟ್ಟಿ) ಬರುತ್ತೆ. ಎಸ್ಕೇಪ್ ಜಾಸ್ತಿ ಒತ್ತಿದರೆ ಮೆನು ಬಿಟ್ಟು ಬರೀ ‘ಗ್ರಬ್’ ಅಂತ ಒಂದು ಕಪ್ಪು ಸಾಲು ಬರುತ್ತೆ. ಗಾಬರಿಯಾಗಬೇಡಿ, ಮತ್ತೆ ಆಫ್ ಮಾಡಿ ಶುರು ಮಾಡಿ. ಮೆನುವಿನಲ್ಲಿ ಎರಡನೇ ಸಾಲು, ಅಡ್ವಾನ್ಸ್‌ಡ್ ಆಪ್ಷನ್ಸ್. ಅದರೊಳಗೆ ಕೊನೆಗೆ ‘ರಿಕವರಿ ಮೋಡ್’ ಅಂತಿರೋದನ್ನು ಆರಿಸಿ. ನೇರಳೆ ಅಥವಾ ನೀಲಿ ಪರದೆಯಲ್ಲಿ ಒಂದು ಪಟ್ಟಿ ಬರುತ್ತೆ. ಅದರಲ್ಲಿ ‘ರೂಟ್’ ಆರಿಸಿ ಎಂಟರ್ ಒತ್ತಿ. ಇನ್ನೊಮ್ಮೆ ಎಂಟರ್ ಕೇಳಿದರೆ ಕೊಡಿ.

ಈಗ ನೀವು ರೂಟ್. ಪಾಸ್‌ವರ್ಡ್ ಕೇಳಲ್ಲ, ಯಾಕಂದರೆ ರೂಟ್‌ಗೆ ಪಾಸ್‌ವರ್ಡ್ ನೀವು ಇಟ್ಟೇ ಇಲ್ಲ. (ಆಫೀಸಿಗೆ ಬೀಗ ಹಾಕ್ತೀರಾ? ಕೀಬೋರ್ಡ್ ಮುಂದೆ ಕೂತವರು ಯಾರಾದರೂ ಹೀಗೆ ಒಳಗೆ ಬರಬಹುದು ಅಂತ ಆಯ್ತು. ಅದನ್ನು ಇನ್ನೊಂದು ದಿನ ಮಾತಾಡೋಣ.)

ಇಲ್ಲಿ ಡಿಸ್ಕ್ ಓದಲು ಮಾತ್ರ ತೆರೆದಿರಬಹುದು. ಬರೆಯುವಂತೆ ಮಾಡಲು:

ಮೌಂಟ್ -ಒ ರಿಮೌಂಟ್,ಆರ್‌ಡಬ್ಲ್ಯೂ /

ಕೊನೆಯ ಓರೆಗೆರೆ ಬಿಡಬೇಡಿ. ಆಮೇಲೆ ಇದು:

ಯೂಸರ್‌ಮಾಡ್ -ಎಜಿ ಎಡಿಎಂ,ಸಿಡಿರಾಮ್,ಸುಡೊ,ಡಿಪ್,ಪ್ಲಗ್‌ಡೆವ್,ಎಲ್‌ಪಿ‌ಅಡ್ಮಿನ್,ಲೆಕ್ಕ ಆಫೀಸ್

ಕಾಮಾಗಳ ನಡುವೆ ಜಾಗ ಬಿಡಬಾರದು. ಎ ಸಣ್ಣದು, ಜಿ ದೊಡ್ಡದು. ಎಂಟರ್ ಹೊಡೆಯೋ ಮುಂಚೆ ಬೆರಳಿಟ್ಟು ಓದಿ. ಆಮೇಲೆ ‘ಐಡಿ ಆಫೀಸ್’ ಅಂತ ಹೊಡೆದು ನೋಡಿ. ಸುಡೊ ಕಾಣಿಸಿದರೆ ರೀಬೂಟ್.

ಎಲ್‌ಎಕ್ಸ್‌ಡಿಯನ್ನು ಬೇಕಂತಲೇ ಬಿಟ್ಟಿದ್ದೇನೆ. ಯಾಕೆ ಅಂತ ಆಮೇಲೆ.

ನೆಲ್ಲಿನ_ಊರು · 8:06

ಮೇಡಂ, ಕಮಾಂಡ್ ಕನ್ನಡದಲ್ಲಿ ಬರೆದಿದ್ದೀರಿ, ಕಾಪಿ ಮಾಡಲು ಆಗಲ್ಲವಲ್ಲ?

ಕಿನ್ನಾಳ_ಗೊಂಬೆ · 8:07

ಆಗಬಾರದು ಅಂತಲೇ. ಕಾಪಿ ಹೊಡೆದವರು ಓದಲ್ಲ. ಒಂದೊಂದೇ ಅಕ್ಷರ ಟೈಪ್ ಮಾಡಿ.

ನೆಲ್ಲಿನ_ಊರು · 8:41

ಬಂತು!! ಸುಡೊ ಬಂತು, ಲೆಕ್ಕ ಫೋಲ್ಡರ್ ಬಂತು, ಪ್ರಿಂಟರ್ ಸೇರಿಸಿದೆ, ಮೊದಲ ಚೀಟಿ ಪ್ರಿಂಟ್ ಆಗಿ ಲಾರಿ ಹೋಯ್ತು. ಮೇಡಂಗೆ, ಎರೆಹೊಲ ಅಣ್ಣನಿಗೆ ಕೈ ಮುಗೀತೀನಿ. ನಡುವೆ ಒಂದು ಸಲ ರಿಮೌಂಟ್ ಹೊಡೆಯದೇ ಯೂಸರ್‌ಮಾಡ್ ಹೊಡೆದೆ, ‘ಬೀಗ ಹಾಕಲು ಆಗುತ್ತಿಲ್ಲ’ ಅಂತ ಏನೋ ಬೈದಿತು. ಆಮೇಲೆ ಮೇಲಿಂದ ಮತ್ತೆ ಓದಿದೆ.

ಈಗ ಇನ್ನೊಂದು. ಈ ‘ಆಫೀಸ್’ ಅನ್ನೋ ಲಾಗಿನ್ ನಾವು ನಾಲ್ಕು ಜನ ಬಳಸ್ತೀವಿ. ನಾನು, ಇಬ್ಬರು ಗುಮಾಸ್ತರು, ವೇಬ್ರಿಡ್ಜ್ ಹತ್ತಿರ ಕೂರುವ ಹುಡುಗ. ಪಾಸ್‌ವರ್ಡ್ ಮಾನಿಟರ್ ಮೇಲೆ ಅಂಟಿಸಿದೆ. ಇದು ತಪ್ಪು ಅಂತ ಗೊತ್ತು, ಸರಿ ಏನು ಅಂತ ಗೊತ್ತಿಲ್ಲ.

ಎರೆಹೊಲ · 9:10

ಊಟ ಮಾಡಿ ಬಂದೆ. ಈಗ ನಿಧಾನಕ್ಕೆ ಬರೀತೀನಿ.

ಒಂದು ಪ್ರಶ್ನೆ ಕೇಳ್ತೀನಿ. ನಿಮ್ಮ ಮಿಲ್ಲಿನಲ್ಲಿ ಗೋದಾಮಿನ ಕೀಲಿಕೈ, ಗಲ್ಲಾಪೆಟ್ಟಿಗೆ ಕೀಲಿಕೈ, ಮೋಟಾರ್ ರೂಮಿನ ಕೀಲಿಕೈ ಎಲ್ಲಾ ಒಂದೇ ಗೊಂಚಲಲ್ಲಿ ಹಾಕಿ ಬಾಗಿಲ ಹಿಂದೆ ಮೊಳೆಗೆ ನೇತು ಹಾಕಿದ್ದೀರಾ? ಇಲ್ಲ ಅಲ್ವಾ. ಆದರೆ ಆ ‘ಆಫೀಸ್’ ಲಾಗಿನ್ ಅದೇ ಗೊಂಚಲು. ವೇಬ್ರಿಡ್ಜ್ ಹುಡುಗನಿಗೆ ಬೇಕಾದದ್ದು ಯುಎಸ್‌ಬಿ ಪೋರ್ಟ್ ಒಂದು. ಸಿಕ್ಕಿದ್ದು ಇಡೀ ಮಷಿನ್.

ನಾಲ್ಕು ಜನಕ್ಕೆ ನಾಲ್ಕು ಲಾಗಿನ್ ಮಾಡು. ಗುಂಪಿಗೆ ಮಾತ್ರ ಜನರ ಹೆಸರು ಬೇಡ, ಕೆಲಸದ ಹೆಸರು ಇಡು. ‘ಲೆಕ್ಕ’ ಇದೆ, ಅದು ಸರಿಯಾದ ಹೆಸರು. ಡಯಲ್‌ಔಟ್ ಸಿಸ್ಟಮ್ ಕೊಟ್ಟಿದ್ದು, ಅದನ್ನೇ ಬಳಸು. ಹುಡುಗ ಡಯಲ್‌ಔಟ್‌ಗೆ ಮಾತ್ರ. ಗುಮಾಸ್ತರು ಲೆಕ್ಕಕ್ಕೆ ಮಾತ್ರ. ನಿನಗೆ ಎರಡು ಲಾಗಿನ್: ದಿನದ ಕೆಲಸಕ್ಕೆ ಒಂದು, ಸುಡೊ ಇರುವುದು ಇನ್ನೊಂದು. ಆ ಎರಡನೆಯದಕ್ಕೆ ಬೇರೆ ಪಾಸ್‌ವರ್ಡ್. ಅದನ್ನು ಕವರಿನಲ್ಲಿ ಹಾಕಿ ಸಾಹುಕಾರರ ತಿಜೋರಿಯಲ್ಲಿಡು. ನಾಳೆ ನಿನಗೆ ಬೇರೆ ಕಡೆ ಕೆಲಸ ಸಿಕ್ಕರೆ ಅವರು ಒದ್ದಾಡಬಾರದು.

ಇನ್ನು ಸೇರಿಸುವ ರೀತಿ. ನಾನು ಯೂಸರ್‌ಮಾಡ್ ಬಳಸೋದನ್ನೇ ಬಿಟ್ಟಿದ್ದೇನೆ. ಉಬುಂಟುವಿನಲ್ಲಿ ‘ಆಡ್‌ಯೂಸರ್ ಹೆಸರು ಗುಂಪು’ ಅಂದರೆ ಸೇರಿಸುತ್ತೆ, ‘ಡೆಲ್‌ಯೂಸರ್ ಹೆಸರು ಗುಂಪು’ ಅಂದರೆ ತೆಗೆಯುತ್ತೆ. ಬೇರೆ ಲಿನಕ್ಸ್‌ಗಳಲ್ಲೂ ನಡೆಯುವುದು ‘ಜಿಪಾಸ್‌ಡಬ್ಲ್ಯೂಡಿ -ಎ ಹೆಸರು ಗುಂಪು’. ತೆಗೆಯಲು -ಡಿ. ಇವು ಒಂದು ಸಲಕ್ಕೆ ಒಂದೇ ಗುಂಪನ್ನು ಮುಟ್ಟುತ್ತವೆ. ಅಕ್ಷರ ಮರೆತರೂ ಉಳಿದ ಗುಂಪುಗಳಿಗೆ ಏನೂ ಆಗಲ್ಲ. ಡೆಲ್‌ಯೂಸರ್‌ನಲ್ಲಿ ಮಾತ್ರ ಹುಷಾರು. ಗುಂಪಿನ ಹೆಸರು ಬರೆಯದೇ ಎಂಟರ್ ಹೊಡೆದರೆ ಬಳಕೆದಾರನನ್ನೇ ಅಳಿಸುತ್ತೆ! ಅದಕ್ಕೇ ತೆಗೆಯುವಾಗ ನಾನು ಜಿಪಾಸ್‌ಡಬ್ಲ್ಯೂಡಿಯನ್ನೇ ಬಳಸೋದು.

ಸುಡೊ ಗುಂಪನ್ನು ಮುಟ್ಟುವ ದಿನ ಇನ್ನೊಂದು ಅಭ್ಯಾಸ. ಎರಡು ಟರ್ಮಿನಲ್ ತೆರಿ. ಒಂದರಲ್ಲಿ ‘ಸುಡೊ -ಐ’ ಹೊಡೆದು ರೂಟ್ ಆಗಿ ಸುಮ್ನೆ ಬಿಡು. ಇನ್ನೊಂದರಲ್ಲಿ ಕೆಲಸ ಮಾಡು. ಮೂರನೇ ಕಡೆ ಹೊಸದಾಗಿ ಲಾಗಿನ್ ಆಗಿ ಸುಡೊ ನಡೀತಿದೆ ಅಂತ ಖಾತ್ರಿ ಆಗೋವರೆಗೆ ಆ ಮೊದಲನೆಯದನ್ನು ಮುಚ್ಚಬೇಡ. ಇವತ್ತು ನೀನು ರೀಸ್ಟಾರ್ಟ್ ಮಾಡದೇ ಇದ್ದಿದ್ದರೆ ಹಳೆಯ ಟರ್ಮಿನಲ್ಲಿನಲ್ಲೇ ಸರಿ ಮಾಡಬಹುದಿತ್ತು. ಗುಂಪುಗಳನ್ನು ಮಷಿನ್ ಓದುವುದು ಲಾಗಿನ್ ಆಗುವಾಗ. ಒಮ್ಮೆ ಒಳಗೆ ಬಂದವನ ಹತ್ತಿರ ಹಳೆಯ ಗುಂಪುಗಳು ಲಾಗ್‌ಔಟ್ ಆಗೋವರೆಗೂ ಇರುತ್ತವೆ.

ಫೋಲ್ಡರ್ ವಿಷಯ ನಾಳೆ.

ಬಿಸಿಲು_ಬಳ್ಳಾರಿ · 9:18

ನಾನೂ ಕಲೀತಾ ಇದ್ದೀನಿ, ಕೇಳಿಬಿಡ್ತೀನಿ. ನಮ್ಮಲ್ಲಿ ಡಾಕರ್ ಇದೆ, ಪ್ರೋಗ್ರಾಮ್‌ಗಳನ್ನು ಕಂಟೇನರ್ ಅನ್ನೋ ಬೇರೆ ಬೇರೆ ಡಬ್ಬಿಯಲ್ಲಿಟ್ಟು ಓಡಿಸುವಂಥದ್ದು. ಡಿಸೈನ್ ಹುಡುಗರು ಪ್ರತಿ ಸಲ ಸುಡೊ ಕೇಳ್ತಾರೆ ಅಂತ ಅವರನ್ನು ಡಾಕರ್ ಗುಂಪಿಗೆ ಹಾಕಿದ್ದೇನೆ, ಸುಡೊಗೆ ಹಾಕಿಲ್ಲ. ಇದು ಸೇಫ್ ಅಲ್ವಾ?

ಕಿನ್ನಾಳ_ಗೊಂಬೆ · 9:26

ಅಲ್ಲ. ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಿಲ ಬಾಗಿಲು ತೆರೆದಿಟ್ಟ ಹಂಗೆ.

ಡಾಕರ್ ಸರ್ವಿಸ್ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಮ್) ಓಡುವುದು ರೂಟ್ ಆಗಿ. ಆ ಗುಂಪಿನವರು ಒಂದು ಕಂಟೇನರ್ ಶುರು ಮಾಡಿ ಮಷಿನ್ನಿನ ಇಡೀ ಡಿಸ್ಕನ್ನೇ ಅದರೊಳಗೆ ಜೋಡಿಸಬಹುದು. ಆಮೇಲೆ ಒಳಗಿನಿಂದ ಯಾವ ಫೈಲ್ ಬೇಕಾದರೂ ಓದಬಹುದು, ತಿದ್ದಬಹುದು. ಪಾಸ್‌ವರ್ಡ್ ಕೂಡ ಕೇಳಲ್ಲ. ಆ ಲೆಕ್ಕದಲ್ಲಿ ಸುಡೊಗಿಂತ ಸಡಿಲ. ಎಲ್‌ಎಕ್ಸ್‌ಡಿ ಕೂಡ ಕಂಟೇನರ್ ಓಡಿಸುವುದೇ, ಅದರ ಗುಂಪೂ ಹಿಂಗೇ, ಅದಕ್ಕೇ ಮೇಲೆ ಬಿಟ್ಟಿದ್ದು. ಮಿಲ್ಲಿಗೆ ಅದರ ಕೆಲಸವೇ ಇಲ್ಲ.

ಹೆಸರು ನೋಡಿ ಮೋಸ ಹೋಗುವ ಇನ್ನೊಂದು ಗುಂಪು ‘ಡಿಸ್ಕ್’. ಪೆನ್‌ಡ್ರೈವ್ ತೆರೆಯುತ್ತಿಲ್ಲ ಅಂತ ಹುಡುಗನೊಬ್ಬನನ್ನು ಅದಕ್ಕೆ ಸೇರಿಸಿದ್ದರು ನಮ್ಮ ಲ್ಯಾಬಿನಲ್ಲಿ. ಡಿಸ್ಕ್ ಗುಂಪಿನವರು ಹಾರ್ಡ್‌ಡಿಸ್ಕನ್ನೇ ನೇರವಾಗಿ ಓದಬಹುದು, ಬರೆಯಬಹುದು. ಫೈಲಿನ ಪರ್ಮಿಷನ್ ಅಲ್ಲಿ ಲೆಕ್ಕಕ್ಕೇ ಬರಲ್ಲ. ಎಡಿಎಂ ಅಷ್ಟು ಅಪಾಯದ್ದಲ್ಲ, ಏನೇನಾಯ್ತು ಅಂತ ಮಷಿನ್ ಬರೆದಿಡುವ ಲಾಗ್ ಫೈಲುಗಳನ್ನು ಓದಬಹುದು ಅಷ್ಟೇ.

ಬಿಸಿಲು_ಬಳ್ಳಾರಿ · 9:29

ಈಗಲೇ ತೆಗೀತೀನಿ. ಅವರಿಗೆ ಬೇಕಿರೋದು ಒಂದು ಸರ್ವಿಸ್ ರೀಸ್ಟಾರ್ಟ್ ಮಾಡೋದು ಮಾತ್ರ.

ಮಸ್ಕಿ_ಕಲ್ಲು · 9:40

ಅಷ್ಟಕ್ಕೇ ಅನುಮತಿ ಕೊಡಿ. /ಇಟಿಸಿ/ಸುಡೋಯರ್ಸ್.ಡಿ ಒಳಗೆ ಒಂದು ಸಣ್ಣ ಫೈಲ್ ಮಾಡಿ, ಆ ಗುಂಪು ಆ ಒಂದೇ ಕಮಾಂಡನ್ನು ಓಡಿಸಬಹುದು ಅಂತ ಬರೆಯಿರಿ. ಕಮಾಂಡಿನ ಪೂರ್ತಿ ದಾರಿ, ಸರ್ವಿಸ್ ಹೆಸರು ಎರಡೂ ಇರಲಿ. ನಕ್ಷತ್ರದ ಗುರುತು (‘ಏನಾದರೂ ಸರಿ’ ಅಂತ ಅರ್ಥ) ಬೇಡ. ಸಾದಾ ಎಡಿಟರ್‌ನಲ್ಲಿ ತೆರೀಬೇಡಿ, ‘ವಿಸುಡೊ -ಎಫ್’ ಅಂತ ತೆರೆಯಿರಿ. ತಪ್ಪಿದ್ದರೆ ಉಳಿಸೋ ಮುಂಚೆ ಹೇಳುತ್ತೆ.

ಫೈಲಿನ ಹೆಸರಿನಲ್ಲಿ ಚುಕ್ಕೆ ಇರಬಾರದು. ಇದನ್ನು ಕಲಿಯಲು ನನಗೆ ಒಂದು ಇಡೀ ಮಧ್ಯಾಹ್ನ ಬೇಕಾಯಿತು. ಚುಕ್ಕೆ ಇರುವ ಫೈಲುಗಳನ್ನು ಸುಡೊ ಓದುವುದೇ ಇಲ್ಲ, ತಪ್ಪು ಅಂತಲೂ ಹೇಳಲ್ಲ. ನಾನು ಕೊನೆಗೆ ‘.ಕಾನ್ಫ್’ ಅಂತ ಇಟ್ಟಿದ್ದೆ.

ಇನ್ನೊಂದು, ‘ಲಾಗ್ ನೋಡಲಿ’ ಅಂತ ಫೈಲ್ ಓದುವ ಲೆಸ್ ಪ್ರೋಗ್ರಾಮ್‌ಗೆ ಸುಡೊ ಕೊಡೋರಿದ್ದಾರೆ. ಲೆಸ್ ಒಳಗೆ ಆಶ್ಚರ್ಯಸೂಚಕ ಹೊಡೆದು ಶೆಲ್ (ಕಮಾಂಡ್ ಹೊಡೆಯುವ ಜಾಗ) ತೆರೀಬಹುದು. ತೆರೆದರೆ ಅದು ರೂಟ್ ಶೆಲ್. ವಿಮ್ ಅನ್ನೋ ಎಡಿಟರ್ ಕೂಡ ಅಷ್ಟೇ.

ಎರೆಹೊಲ · ಮರುದಿನ ಬೆಳಿಗ್ಗೆ 6:50

ತಮ್ಮಾ, ಫೋಲ್ಡರ್ ವಿಷಯ. ಈಗ ಎಲ್ಲರೂ ಒಂದೇ ಲಾಗಿನ್, ಅದಕ್ಕೇ ಜಗಳ ಇರಲಿಲ್ಲ. ಬೇರೆ ಬೇರೆ ಮಾಡಿದ ದಿನವೇ ಒಬ್ಬ ಗುಮಾಸ್ತರು ಮಾಡಿದ ಫೈಲ್ ಇನ್ನೊಬ್ಬರಿಗೆ ಉಳಿಸಲು ಬರಲ್ಲ. ಆಗ ನಿನಗೂ 777 ನೆನಪಾಗುತ್ತೆ.

ಲೆಕ್ಕದ ಫೋಲ್ಡರ್ ಈಗ ಎಲ್ಲಿದೆ? ‘ಆಫೀಸ್’ನ ಹೋಮ್ (ಆ ಲಾಗಿನ್‌ನ ಸ್ವಂತ ಫೋಲ್ಡರ್) ಒಳಗೆ ಇದ್ದರೆ ಹೊರಗೆ ತಾ. ಉಬುಂಟು 21.04ರಿಂದ ಒಬ್ಬರ ಹೋಮ್ ಒಳಗೆ ಇನ್ನೊಬ್ಬರು ಕಾಲಿಡದಂತೆ ಮಾಡಿದ್ದಾರೆ. ಒಳಗಿನ ಫೋಲ್ಡರ್‌ಗೆ ಎಷ್ಟೇ ಅನುಮತಿ ಕೊಡು, ಹೊರಬಾಗಿಲು ಮುಚ್ಚಿದ್ದರೆ ಏನು ಪ್ರಯೋಜನ? /ಎಸ್‌ಆರ್‌ವಿ ಒಳಗೆ ಇಡು. ಆಮೇಲೆ ಎರಡು ಸಾಲು, ಮೊದಲನೆಯದು ಗುಂಪು ಬದಲಿಸಲು, ಎರಡನೆಯದು ಅನುಮತಿ ಕೊಡಲು:

ಸುಡೊ ಸಿಎಚ್‌ಗ್ರೂಪ್ -ಆರ್ ಲೆಕ್ಕ /ಎಸ್‌ಆರ್‌ವಿ/ಲೆಕ್ಕ (ಆರ್ ದೊಡ್ಡದು, ಟೈಪ್ ಮಾಡುವಾಗ ಸಿ, ಎಚ್, ಜಿ, ಆರ್, ಪಿ)

ಸುಡೊ ಸಿಎಚ್‌ಮಾಡ್ 2770 /ಎಸ್‌ಆರ್‌ವಿ/ಲೆಕ್ಕ

770 ಅಂದರೆ ಯಜಮಾನನಿಗೆ ಎಲ್ಲಾ, ಗುಂಪಿಗೆ ಎಲ್ಲಾ, ಉಳಿದವರಿಗೆ ಏನೂ ಇಲ್ಲ. ಮುಂದಿನ 2 ಮುಖ್ಯ. ಅದು ಸೆಟ್‌ಜಿಐಡಿ. ಅದಿದ್ದರೆ ಆ ಫೋಲ್ಡರ್‌ನಲ್ಲಿ ಯಾರು ಹೊಸ ಫೈಲ್ ಮಾಡಿದರೂ ಅದು ಮಾಡಿದವರ ಸ್ವಂತ ಗುಂಪಿಗೆ ಹೋಗದೆ ಲೆಕ್ಕ ಗುಂಪಿಗೆ ಸೇರುತ್ತೆ. ಒಳಗೆ ಹೊಸದಾಗಿ ಮಾಡುವ ಫೋಲ್ಡರ್‌ಗಳಿಗೂ ಈ ಗುಣ ತಾನಾಗೇ ಬರುತ್ತೆ. ಈಗಾಗಲೇ ಇರುವ ಒಳಗಿನ ಫೋಲ್ಡರ್‌ಗಳಿಗೆ ನೀನೇ ಹಾಕಬೇಕು. ಒಂದೇ ಏಟಿಗೆ ಆಗಲಿ ಅಂತ 2770ಕ್ಕೆ ದೊಡ್ಡ ಆರ್ ಸೇರಿಸಬೇಡ, ಫೈಲುಗಳಿಗೆಲ್ಲ ಪ್ರೋಗ್ರಾಮ್ ಥರ ಓಡುವ ಅನುಮತಿ ಬಂದುಬಿಡುತ್ತೆ.

‘ಯೂಮಾಸ್ಕ್’ ಅಂತ ಹೊಡೆದು ನೋಡು, ಹೊಸ ಫೈಲಿನಿಂದ ಯಾವ ಅನುಮತಿ ಕಳೆಯುತ್ತೆ ಅಂತ ಹೇಳುತ್ತೆ. 0002 ಇದ್ದರೆ ಸರಿ. 0022 ಇದ್ದರೆ ಗುಂಪಿನವರು ಓದಬಹುದು, ತಿದ್ದಲು ಆಗಲ್ಲ.

ಒಂದು ಕಿರಿಕಿರಿ ಉಳಿಯುತ್ತೆ. ಡೌನ್‌ಲೋಡ್ಸ್‌ನಿಂದ ಫೈಲನ್ನು ಇಲ್ಲಿಗೆ ಕಾಪಿ ಮಾಡಿದರೆ ಲೆಕ್ಕ ಗುಂಪು ಬರುತ್ತೆ. ಮೂವ್ ಮಾಡಿದರೆ ಹಳೆಯ ಗುಂಪನ್ನೇ ಹೊತ್ತುಕೊಂಡು ಬರುತ್ತೆ. ‘ಬೆಳಿಗ್ಗೆ ಹಾಕಿದ ಬಿಲ್ ಇವರಿಗೆ ತೆರೀತಿಲ್ಲ’ ಅಂತ ಯಾರಾದರೂ ಬಂದರೆ ಹತ್ತಕ್ಕೆ ಒಂಬತ್ತು ಸಲ ಇದೇ.

ಎರೆಹೊಲ · 6:58

ಮರೆತೆ. ಕೆಲವರು ಕಡಿಮೆ ಅನುಮತಿ ಕೊಡಲು ಒಂದು ಉಪಾಯ ಮಾಡ್ತಾರೆ: ಗುಂಪಿಗೆ ಏನೂ ಇಲ್ಲ, ಉಳಿದವರಿಗೆ ಓದಲು ಇದೆ. ಗುಂಪಿನಲ್ಲಿದ್ದವನು ‘ಉಳಿದವರು’ ಲೆಕ್ಕದಲ್ಲೂ ಓದಬಹುದು ಅಂದುಕೊಳ್ತಾರೆ. ಇಲ್ಲ. ಮಷಿನ್ ಮೊದಲು ಯಜಮಾನನಾ ಅಂತ ನೋಡುತ್ತೆ, ಆಮೇಲೆ ಗುಂಪಿನವನಾ ಅಂತ. ಎಲ್ಲಿ ಹೊಂದಿತೋ ಅಲ್ಲೇ ತೀರ್ಮಾನ, ಮುಂದೆ ಹೋಗಲ್ಲ. ಗುಂಪಿಗೆ ಸೇರಿಸಿದ್ದಕ್ಕೇ ಬಾಗಿಲು ಮುಚ್ಚಿದ್ದನ್ನು ನೋಡಿದ್ದೇನೆ.

ಕೋಟೆ_ಪಕ್ಕದ_ಅಂಗಡಿ · ಬಳ್ಳಾರಿ · 9:15

ನಮ್ಮದು ವಿಂಡೋಸ್. ಇದೆಲ್ಲ ನಮಗೂ ಹೊಂದುತ್ತಾ?

ಕಿನ್ನಾಳ_ಗೊಂಬೆ · 9:32

ವಿಚಾರ ಅದೇ, ಬಟನ್ ಬೇರೆ. ದಿನದ ಲಾಗಿನ್ ‘ಯೂಸರ್ಸ್’ ಗುಂಪಿನಲ್ಲಿರಲಿ, ‘ಅಡ್ಮಿನಿಸ್ಟ್ರೇಟರ್ಸ್’ನಲ್ಲಿ ಬೇಡ. ಹೋಮ್ ಎಡಿಷನ್ ಆದರೆ ಗುಂಪುಗಳ ಕಿಟಕಿ ಸಿಗಲ್ಲ, ‘ನೆಟ್ ಲೋಕಲ್‌ಗ್ರೂಪ್’ ಕಮಾಂಡ್ ಬಳಸಬೇಕು. ಅಲ್ಲೂ ಲಾಗ್‌ಔಟ್ ಆಗಿ ಬಂದ ಮೇಲೇ ಹೊಸ ಗುಂಪು ಹಿಡಿಯೋದು. ಫೋಲ್ಡರ್ ಶೇರ್ ಮಾಡಿದರೆ ಶೇರ್ ಅನುಮತಿ ಒಂದು, ಡಿಸ್ಕ್ ಅನುಮತಿ ಒಂದು. ಎರಡರಲ್ಲಿ ಬಿಗಿ ಇರೋದೇ ನಡೆಯುತ್ತೆ. ‘ಡಿನೈ’ ಟಿಕ್ ಅನ್ನು ತೀರಾ ಬೇಕಾದರೆ ಮಾತ್ರ ಬಳಸಿ. ಒಬ್ಬರು ಎರಡು ಗುಂಪಿನಲ್ಲಿದ್ದು ಒಂದಕ್ಕೆ ಡಿನೈ ಬಿದ್ದಿದ್ದರೆ ಯಾಕೆ ತೆರೀತಿಲ್ಲ ಅಂತ ಹುಡುಕುವಷ್ಟರಲ್ಲಿ ಸಂಜೆ ಆಗುತ್ತೆ.

ಮಸ್ಕಿ_ಕಲ್ಲು · 10:05

ಸೇರಿಸುವುದರ ಬಗ್ಗೆ ಎಲ್ಲರೂ ಬರೆದಿರಿ. ಬಿಟ್ಟು ಹೋಗುವವರ ಬಗ್ಗೆ ನನ್ನದೊಂದು ಅನುಭವ.

ಹಿಂದೆ ನಾನಿದ್ದ ಒಂದು ಆಫೀಸಿನಲ್ಲಿ ಒಬ್ಬರು ಕೆಲಸ ಬಿಟ್ಟರು. ‘ಯೂಸರ್‌ಮಾಡ್ -ಎಲ್’ ಹೊಡೆದು ಖಾತೆಗೆ ಬೀಗ ಹಾಕಿದೆ ಅಂದುಕೊಂಡೆ. ಎರಡು ವಾರದ ಮೇಲೆ ಲಾಗ್ ನೋಡಿದರೆ ಅವರು ಹೊರಗಿನಿಂದಲೇ ಲಾಗಿನ್ ಆಗಿದ್ದಾರೆ. ಕೇಳಿದರೆ ‘ನನ್ನ ಹಳೇ ಫೈಲ್ ಒಂದು ಬೇಕಿತ್ತು’ ಅಂತ. ಅವರದು ಕೆಟ್ಟ ಉದ್ದೇಶ ಅಲ್ಲ, ತಪ್ಪು ನನ್ನದೇ. ಆ ಬೀಗ ಪಾಸ್‌ವರ್ಡ್‌ಗೆ ಮಾತ್ರ. ಎಸ್‌ಎಸ್‌ಎಚ್ ಕೀ ಇದ್ದರೆ ಬಾಗಿಲು ತೆರೆದೇ ಇರುತ್ತೆ. ಖಾತೆಯ ಅವಧಿಯನ್ನೇ ಮುಗಿಸಬೇಕು: ‘ಯೂಸರ್‌ಮಾಡ್ -ಎಲ್ -ಇ 1 ಹೆಸರು’. ಇಲ್ಲಿ ಎಲ್ ದೊಡ್ಡದು, ಇ ಸಣ್ಣದು. 1 ಅಂದರೆ 1970ರ ಜನವರಿ 2. ಖಾತೆ ಅವತ್ತೇ ಮುಗಿದುಹೋಯ್ತು ಅಂತ ಲೆಕ್ಕ.

ಅಳಿಸಿಬಿಡೋಣ ಅಂದರೆ ಇನ್ನೊಂದು ಗೊತ್ತಿರಲಿ. ಫೈಲಿನ ಮೇಲೆ ಇರೋದು ಹೆಸರಲ್ಲ, ನಂಬರ್. 1003 ನಂಬರಿನವರನ್ನು ಅಳಿಸಿದಿರಿ, ಅವರ ಫೈಲುಗಳು ಅಲ್ಲಲ್ಲೇ ಉಳಿದವು. ಮುಂದಿನ ತಿಂಗಳು ಬಂದ ಹೊಸಬರಿಗೆ ಮಷಿನ್ 1003 ಕೊಡಬಹುದು. ಹಳಬರ ಫೈಲುಗಳಿಗೆಲ್ಲ ಹೊಸಬರೇ ಯಜಮಾನರು! ಅಳಿಸುವ ಮುಂಚೆ ಫೈಲ್ ಹುಡುಕುವ ಫೈಂಡ್ ಕಮಾಂಡಿಗೆ -ಯೂಸರ್ ಕೊಟ್ಟು ಎಲ್ಲೆಲ್ಲಿ ಏನಿದೆ ನೋಡಿ. ಅಳಿಸಿದ ಮೇಲಾದರೆ -ನೋಯೂಸರ್.

ನೆಲ್ಲಿನ_ಊರು · ಸಂಜೆ 6:30

ಎಲ್ಲಾ ಮಾಡಿದೆ. ನಾಲ್ಕು ಲಾಗಿನ್ ಆಯ್ತು. ಮಾನಿಟರ್ ಮೇಲಿನ ಚೀಟಿ ಕಿತ್ತೆ. ‘ಆಫೀಸ್’ ಅನ್ನು ಸುಡೊಗೆ ಮಾತ್ರ ಇಟ್ಟು ಪಾಸ್‌ವರ್ಡ್ ಬದಲಿಸಿ ಕವರಿನಲ್ಲಿ ಹಾಕಿ ಕೊಟ್ಟೆ.

ಒಂದು ವಿಚಿತ್ರ. ಮಧ್ಯಾಹ್ನ ‘ಆಫೀಸ್’ ಅನ್ನು ಡಯಲ್‌ಔಟ್‌ನಿಂದ ತೆಗೆದೆ. ‘ಐಡಿ ಆಫೀಸ್’ ಹೊಡೆದರೆ ಡಯಲ್‌ಔಟ್ ಇಲ್ಲ. ಬರೀ ‘ಐಡಿ’ ಹೊಡೆದರೆ ಇದೆ! ತೂಕವೂ ಬರುತ್ತಾನೇ ಇದೆ.

ಎರೆಹೊಲ · 6:36

ವಿಚಿತ್ರ ಅಲ್ಲ. ಹೆಸರು ಕೊಟ್ಟರೆ ಫೈಲಿನಲ್ಲಿ ಏನಿದೆ ಅಂತ ಹೇಳುತ್ತೆ. ಹೆಸರಿಲ್ಲದೆ ಕೇಳಿದರೆ ಈ ಟರ್ಮಿನಲ್ ಹತ್ತಿರ ಈಗ ಏನಿದೆ ಅಂತ ಹೇಳುತ್ತೆ. ಬೆಳಿಗ್ಗೆ ಲಾಗಿನ್ ಆದದ್ದು ಇನ್ನೂ ಹಂಗೇ ಇದೆ. ಲಾಗ್‌ಔಟ್ ಮಾಡು. ಯಾರನ್ನಾದರೂ ತೆಗೆದ ದಿನ ಇದನ್ನು ಮರೀಬೇಡ, ತೆಗೆದ ಮಾತ್ರಕ್ಕೆ ಅವರು ಹೊರಗೆ ಹೋಗಲ್ಲ. ‘ಲಾಗಿನ್‌ಸಿಟಿಎಲ್ ಟರ್ಮಿನೇಟ್-ಯೂಸರ್’ ಹೊಡೆದು ಹೊರಗೆ ಕಳಿಸಬೇಕು.

ನೆಲ್ಲಿನ_ಊರು · 6:58

ಹೋಯ್ತು ಅಣ್ಣಾ. ಈಗ ಹುಡುಗನ ಲಾಗಿನ್‌ನಲ್ಲಿ ಮಾತ್ರ ತೂಕ ಬರುತ್ತೆ.

ಕೊನೆಯದೊಂದು. ಸಾಹುಕಾರರೂ ಲಾಗಿನ್ ಕೇಳಿದರು. ‘ನನ್ನ ಮಿಲ್ಲು, ನನ್ನನ್ನ ಎಲ್ಲಾ ಗುಂಪಿಗೂ ಹಾಕು’ ಅಂದರು. ಏನು ಹೇಳಲಿ?

ಕಿನ್ನಾಳ_ಗೊಂಬೆ · 7:04

ಅವರು ಲೆಕ್ಕ ಬರೀತಾರಾ, ನೋಡ್ತಾರಾ?

ನೆಲ್ಲಿನ_ಊರು · 7:05

ನೋಡ್ತಾರೆ ಅಷ್ಟೇ. ಹೋದ ವರ್ಷ ನೋಡ್ತಾ ನೋಡ್ತಾ ಒಂದು ತಿಂಗಳ ಫೈಲ್ ಡಿಲೀಟ್ ಮಾಡಿದ್ದರು.

ಕಿನ್ನಾಳ_ಗೊಂಬೆ · 7:11

ಹಾಗಿದ್ದರೆ ಗುಂಪಿಗೇ ಹಾಕಬೇಡಿ. ಅವರೊಬ್ಬರಿಗೆ ಓದುವ ಅನುಮತಿ ಪ್ರತ್ಯೇಕವಾಗಿ ಕೊಡಿ:

ಸೆಟ್‌ಎಫ್‌ಎಸಿಎಲ್ -ಆರ್ -ಎಂ ಯು:ಸಾಹುಕಾರ್:ಆರ್‌ಎಕ್ಸ್ /ಎಸ್‌ಆರ್‌ವಿ/ಲೆಕ್ಕ

ಮುಂದೆ ಸುಡೊ ಇರಲಿ. ಮೊದಲ ಆರ್ ದೊಡ್ಡದು, ಎಂ ಸಣ್ಣದು. ಇದನ್ನೇ ಇನ್ನೊಮ್ಮೆ, ಎಂ ಮುಂಚೆ ಒಂದು -ಡಿ ಸೇರಿಸಿ ಹೊಡೆಯಿರಿ. ಅದು ಮುಂದೆ ಬರುವ ಹೊಸ ಫೈಲುಗಳಿಗೆ.

ನೆಲ್ಲಿನ_ಊರು · 7:25

ಹೊಡೆದೆ ಮೇಡಂ. ಅವರಿಗೆ ಫೈಲಿನ ಹೆಸರು ಕಾಣುತ್ತೆ, ತೆರೆಯಲು ಆಗಲ್ಲ. ಎಕ್ಸ್ ಯಾಕೆ, ಓದಲು ಆರ್ ಸಾಕು ಅಂತ ಬಿಟ್ಟಿದ್ದೆ.

ಎರೆಹೊಲ · 7:27

ಫೋಲ್ಡರ್ ಮೇಲೆ ಆರ್ ಇದ್ದರೆ ಹೆಸರುಗಳ ಪಟ್ಟಿ ಓದಬಹುದು. ಒಳಗೆ ಹೋಗಲು ಎಕ್ಸ್ ಬೇಕು. ದೊಡ್ಡ ಎಕ್ಸ್ ಹಾಕು, ಫೋಲ್ಡರ್‌ಗಳಿಗೆ ಬರುತ್ತೆ, ಸಾದಾ ಫೈಲುಗಳಿಗೆ ಬರಲ್ಲ.

ನೆಲ್ಲಿನ_ಊರು · 7:38

ತೆರೀತು. ಸಾಹುಕಾರರು ಒಂದು ಫೈಲ್ ಡಿಲೀಟ್ ಮಾಡಿ ನೋಡಿದರು, ಆಗಲಿಲ್ಲ. ‘ನನ್ನ ಕಂಪ್ಯೂಟರ್ ನನ್ನ ಮಾತೇ ಕೇಳಲ್ಲವಲ್ಲೋ’ ಅಂತ ನಗ್ತಿದ್ದಾರೆ. ಲಾರಿ ಬಂತು, ಹೋಗ್ತೀನಿ.